ಸುಮನಬಾಯಿ ಬದಲಿಸಿದ ದಾರ

ಹಕೀಮ ಅಬ್ದುಲ್ ಕರೀಂ ಎರಡು ಮಣ್ಣಿನ ಕುಡಿಕೆ ತರಲು ಹೇಳಿದರು. ಎರಡಕ್ಕೂ ಕರಿಮಣ್ಣು ತುಂಬಿ ಏಳೇಳು ಗೋಧಿ ಕಾಳು ಊರಬೇಕು. ಒಂದಕ್ಕೆ ಗಂಡನ, ಇನ್ನೊಂದಕ್ಕೆ ಹೆಂಡತಿಯ ಬೆಳಗಿನ ಮೊದಲ ಮೂತ್ರ ಹಾಕುತ್ತ ಹೋಗಬೇಕು. ಏಳನೇ ದಿನ ಯಾವ ಕುಡಿಕೆಯಲ್ಲಿ ಮೊಳಕೆ ಇಲ್ಲವೋ, ದೋಷ ಅವರದು.

ಅದು ೧೯೪೭ರ ದೀಪಾವಳಿ ಮುಗಿದ ವಾರ. ಬಸವಕಲ್ಯಾಣವನ್ನು ಜನ ಆಗ ಕಲ್ಯಾಣಿ ಎಂದೇ ಕರೆಯುತ್ತಿದ್ದರು. ಅಲ್ಲಿನ ಚುರುಮುರಿ ಭಟ್ಟಿಯ ದೇವಿದಾಸನಿಗೂ ಕೊಹಿನೂರದ ಸುಮನಬಾಯಿಗೂ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಓಣಿಯಲ್ಲಿ ಯಾವ ಬಸುರಿಯ ಕುಬಸಕ್ಕೂ ಅವಳಿಗೆ ಕರೆ ಬರುತ್ತಿರಲಿಲ್ಲ. ಬಾಣಂತಿ ಇರುವ ಮನೆಯ ಮುಂದೆ ಅವಳು ಹಾದರೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಪರೀಕ್ಷೆ ಬೇಕೆಂದವಳು ಅತ್ತೆ ಭಾಗಮ್ಮ. ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮೊದಲು ಹಕೀಮರ ಮಾತೊಂದು ಕೈಯಲ್ಲಿರಲಿ ಎಂಬುದು ಅವಳ ಲೆಕ್ಕ.

‘ಏನರೆ ಬರ್ಲಿ, ನಾ ಇನ್ನೊಂದು ಮಾಡ್ಕೊಳ್ಳೂದಿಲ್ಲ,’ ಎಂದು ದೇವಿದಾಸ ಹೆಂಡತಿಗೆ ಹೇಳಿದ್ದ. ಹೇಳುವಾಗ ಅವಳ ಮುಖ ನೋಡಿಯೇ ಹೇಳಿದ್ದ.

ಗುರುತಿಗೆ ಅವಳ ಕುಡಿಕೆಗೆ ಕೆಂಪು ದಾರ, ಅವನದಕ್ಕೆ ಬಿಳಿ ದಾರ ಕಟ್ಟಿ ಹಿತ್ತಲ ಗೋಡೆಯ ಬುಡದಲ್ಲಿ ಬುಟ್ಟಿ ಮುಚ್ಚಿಟ್ಟರು. ಆರನೇ ದಿನ ಅತ್ತೆ ನೀರಿಗೆ ಹೋದಾಗ ಸುಮನಬಾಯಿ ಬುಟ್ಟಿ ಎತ್ತಿದಳು. ಕೆಂಪು ದಾರದ ಕುಡಿಕೆಯಲ್ಲಿ ಐದು ಮೊಳಕೆ. ಬಿಳಿ ದಾರದ್ದರಲ್ಲಿ ಕಾಳು ಕಪ್ಪಾಗಿ ಕೊಳೆತಿದ್ದವು.

ಅವಳಿಗೆ ಮೊದಲು ಸಂತೋಷವಾಯಿತು. ಆಮೇಲೆ ಓಣಿಯ ದರ್ಜಿಯ ನೆನಪಾಯಿತು. ಎರಡು ವರ್ಷದ ಹಿಂದೆ ಅವನ ಹೆಂಡತಿ ತವರಿಗೆ ಹೋಗಿ ಅವನು ಗಂಡಸೇ ಅಲ್ಲ ಎಂದು ಸಾರಿದ್ದಳು. ಬಜಾರಿನ ಮಂದಿ ಅವನ ಅಂಗಡಿಯ ಮುಂದೆ ನಿಂತು ಚಪ್ಪಾಳೆ ತಟ್ಟಿದರು. ನಾಲ್ಕನೇ ದಿನ ಅವನ ಹೆಣ ಬಾವಿಯಲ್ಲಿ ತೇಲಿತು. ದೇವಿದಾಸನ ಭಟ್ಟಿಯ ಮುಂದೆಯೂ ದಿನಾ ಚುರುಮುರಿಗೆ ಅದೇ ಮಂದಿ ನಿಲ್ಲುತ್ತಿದ್ದರು. ಬಂಜೆ ಎಂಬ ಮಾತನ್ನು ತಾನು ಒಂಬತ್ತು ವರ್ಷ ಹೊತ್ತಿದ್ದೇನೆ, ಇವನು ಒಂದು ದಿನ ಹೊರಲಾರ ಎಂದು ಅವಳಿಗೆ ಅನ್ನಿಸಿತು. ಇನ್ನೊಂದು ಮಾಡಿಕೊಳ್ಳುವುದಿಲ್ಲ ಎಂದು ಮಾತು ಕೊಟ್ಟಿದ್ದಾನಲ್ಲ. ಅವಳು ದಾರ ಬಿಚ್ಚಿ ಅದಲುಬದಲು ಕಟ್ಟಿದಳು.

ಮರುದಿನ ಹಕೀಮರು ಬಿಳಿ ದಾರದ ಮೊಳಕೆ ನೋಡಿ ತಲೆಯಾಡಿಸಿದರು. ‘ಗಂಡಸು ಠೀಕ್ ಇದ್ದಾನ ಭಾಗಮ್ಮಾ. ದೋಷ ಈಕೀದು.’

ದೇವಿದಾಸನ ಮಾತು ನಾಲ್ಕು ತಿಂಗಳು ಉಳಿಯಿತು. ಬೇಸಿಗೆ ಶುರುವಾಗುವಾಗ ಘಾಟಬೋರಾಳದ ದ್ರೌಪತಿಯನ್ನು ಉಡಿಕೆ ಮದುವೆ ಮಾಡಿಕೊಂಡು ತಂದರು. ಇಪ್ಪತ್ತರ ವಿಧವೆ, ಒಂದು ಹೆಣ್ಣು ಮಗುವಿನ ತಾಯಿ. ‘ಈ ಸಲ ಹಡದಾಕೀನ್ನೇ ತಂದೀನಿ,’ ಎಂದು ಭಾಗಮ್ಮ ಓಣಿಗೆಲ್ಲ ಹೇಳಿದಳು. ಎರಡು ವರ್ಷದ ಮಗುವನ್ನು ಅಜ್ಜಿಯ ಬಳಿಯೇ ಬಿಟ್ಟು ಬರಬೇಕೆಂಬುದು ಕರಾರು.

ಆ ವರ್ಷದ ಸೆಪ್ಟೆಂಬರಿನಲ್ಲಿ ನಿಜಾಮರ ರಾಜ್ಯದ ಮೇಲೆ ಪೊಲೀಸ್ ಕಾರ್ಯಾಚರಣೆಯಾಯಿತು. ಊರಿನಲ್ಲಿ ಆದದ್ದನ್ನು ಆಮೇಲೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಕೀಮರ ಮನೆಗೆ ಬೀಗ ಬಿತ್ತು. ಅವರು ಎಲ್ಲಿ ಹೋದರೆಂದು ಸುಮನಬಾಯಿ ಯಾರನ್ನೂ ಕೇಳಲಿಲ್ಲ.

ದ್ರೌಪತಿ ಬಸಿರಾಗಲಿಲ್ಲ. ಒಂದು ವರ್ಷ ಕಳೆಯಿತು, ಎರಡು ಕಳೆಯಿತು. ಸುಮನಬಾಯಿಯ ನೆರಳು ಬಿದ್ದು ಹೀಗಾಯಿತು ಎಂದು ಭಾಗಮ್ಮ ಮೊದಲು ಅವಳನ್ನು ಅಡುಗೆಮನೆಯಿಂದ ಹೊರಗೆ ಹಾಕಿದಳು. ಯುಗಾದಿಯೊಳಗೆ ಅವಳನ್ನು ಕೊಹಿನೂರಕ್ಕೆ, ಅವಳ ಅಣ್ಣನ ಮನೆಗೆ ಕಳಿಸುವುದೆಂದು ನಿರ್ಧರಿಸಿದಳು. ಆಮೇಲೆ ಬರೆ ಹಾಕುವವಳೊಬ್ಬಳನ್ನು ಕರೆಸಿ ದ್ರೌಪತಿಯ ಕಿಬ್ಬೊಟ್ಟೆಗೆ ಕಾಸಿದ ಕಬ್ಬಿಣ ಇಡಿಸಿದಳು. ಗಾಯ ಕೀವಾಯಿತು.

ಅದನ್ನು ತೊಳೆಯುತ್ತಿದ್ದವಳು ಸುಮನಬಾಯಿ. ಒಂದು ಮಧ್ಯಾಹ್ನ ಹುಡುಗಿ ಅವಳ ಮಣಿಕಟ್ಟು ಹಿಡಿದಳು.

‘ಅಕ್ಕಾ, ನಾ ಒಂದ್ ಹಡದೀನಲ್ರಿ. ಈಗ್ಯಾಕ ಆಗವಲ್ದು?’

ಸುಮನಬಾಯಿ ಗಾಯ ತೊಳೆದು ಮುಗಿಸಿ ಎದ್ದಳು. ಅಂದೇ ಭಟ್ಟಿಗೆ ಹೋಗಿ ಗಂಡನಿಗೆ ಹೇಳಿದಳು: ‘ಹುಮನಾಬಾದಕ್ಕ ಹೊಸಾ ಡಾಕ್ಟರ್ ಬಂದಾರಂತ. ಈಕೀಗಿ ತೋರಸೂಣ್ರಿ. ಇಲ್ಲಂದ್ರ ಸಾಯ್ತಾಳ.’

ಮೂವರೂ ಮೋಟಾರು ಹತ್ತಿದರು. ಡಾಕ್ಟರು ಗಾಯ ತೊಳೆದು ಪಟ್ಟಿ ಕಟ್ಟಿ, ಬರೆ ಯಾಕೆ ಎಂದು ಕೇಳಿದರು. ಕಾರಣ ಕೇಳಿದ ಮೇಲೆ ಅವರು ದ್ರೌಪತಿಯನ್ನು ಬಿಟ್ಟು ದೇವಿದಾಸನ ಕಡೆ ತಿರುಗಿದರು.

‘ಸಣ್ಣಾಂವ ಇದ್ದಾಗ ಕೆನ್ನಿ ಬಾತು ಜ್ವರ ಬಂದಿತ್ತೇನು?’

‘ಮಂಗನಬಾವು ಬಂದಿತ್ರಿ ಸಾಬ. ಹದಿನೆಂಟಕ್ಕ.’

‘ಕೆಳಗೂ ಬಾತಿತ್ತೇನು?’

ದೇವಿದಾಸ ಹೆಂಗಸರ ಕಡೆ ನೋಡಿ ಗೋಡೆಯ ಕಡೆ ಮುಖ ಮಾಡಿದ. ‘ಎರಡೂ ಕಡೆ, ರಿ. ಅವ್ವ ಬೇವಿನ ಸೊಪ್ಪು ಕಟ್ಟಿದ್ಳು.’

ಮಲೇರಿಯಾ ನೋಡಲೆಂದು ಇಟ್ಟಿದ್ದ ಸೂಕ್ಷ್ಮದರ್ಶಕ ಮೇಜಿನ ಮೇಲಿತ್ತು. ಡಾಕ್ಟರು ಅವನ ಕೈಗೆ ಗಾಜಿನ ಸೀಸೆ ಕೊಟ್ಟು ಒಳಕೋಣೆಗೆ ಕಳಿಸಿದರು. ಆಮೇಲೆ ಬಹಳ ಹೊತ್ತು ಗಾಜಿಗೆ ಕಣ್ಣಿಟ್ಟು ಕುಳಿತರು. ಎರಡನೇ ಸಲವೂ ನೋಡಿದರು.

‘ಇದರಾಗ ಬೀಜಾನೇ ಇಲ್ಲ. ಬಹುಶಃ ಆ ಬಾವಿನಿಂದ ಆಗಿರಬೇಕು. ಇನ್ನೊಂದ್ಸಲ ಬರ್ರಿ, ಮತ್ತ ನೋಡ್ತೀನಿ. ಆಸೆ ಇಟ್ಕೋಬ್ಯಾಡ್ರಿ. ಗಂಡಸ್ತನಕ್ಕೂ ಇದಕ್ಕೂ ಸಂಬಂಧಿಲ್ಲ.’ ದ್ರೌಪತಿಯ ಪಟ್ಟಿಯತ್ತ ನೋಡಿ ಮುಂದುವರಿಸಿದರು: ‘ಕೆಲವರಾಗ ಹೆಂಗಸಿನ ಕಡಿಂದ ತೊಂದ್ರಿ, ಕೆಲವರಾಗ ಗಂಡಸಿಂದು, ಕೆಲವರಾಗ ಇಬ್ಬರದೂ. ಇಬ್ಬರನ್ನೂ ನೋಡ್ಬೇಕು. ನೀವು ಈಕೀನ್ನ ಸುಟ್ಟೀರಿ.’

‘ಹಕೀಮರು ಗೋಧಿ ಹಾಕಿ ನೋಡಿದ್ರಲ್ರಿ,’ ಎಂದ ದೇವಿದಾಸ. ‘ನಂದು ಮೊಳತಿತ್ತು.’

‘ನಿಮ್ದು ಕೊಳತಿತ್ತು,’ ಎಂದಳು ಸುಮನಬಾಯಿ. ‘ನಾ ದಾರ ಬದಲ್ ಮಾಡಿದ್ದೆ.’

ಡಾಕ್ಟರು ಇಬ್ಬರನ್ನೂ ನೋಡಿದರು. ಅವನ ಕೆಲಸ ಏನೆಂದು ಕೇಳಿ, ಆ ಪರೀಕ್ಷೆಗೆ ಅರ್ಥವೇ ಇಲ್ಲ ಎಂದರು. ದಿನವಿಡೀ ಭಟ್ಟಿಯ ಮುಂದೆ ಬೆವರಿ ನೀರು ಕುಡಿಯದವನ ಮೂತ್ರ ಗಟ್ಟಿ, ಅದರ ಉಪ್ಪಿಗೆ ಕಾಳು ಸತ್ತಿರಬೇಕು, ಅಷ್ಟೇ. ಸುಮನಬಾಯಿಗೆ ಕೇಳಿಸಿತು. ಎರಡೂವರೆ ವರ್ಷ ತಾನು ಹೊತ್ತ ಗುಟ್ಟಿಗೆ ಆ ಕಾಳು ಸಾಕ್ಷಿಯೇ ಆಗಿರಲಿಲ್ಲ.

ಅದೇ ಸಂಜೆ ಮೂವರೂ ಕಲ್ಯಾಣಿಗೆ ಮರಳಿದರು. ಮನೆಯಲ್ಲಿ ಭಾಗಮ್ಮ ಕೇಳಿದಳು: ‘ಏನಂದ್ರೋ ದೇವ್ಯಾ?’

‘ಇಬ್ಬರೂ ಹೆಂಗಸರಾಗ ದೋಷ ಅದ ಅಂದ್ರು,’ ಎಂದು ಅವನು ಚಪ್ಪಲಿ ಬಿಟ್ಟ.

ಸುಮನಬಾಯಿ ಅಂಗಳದಲ್ಲೇ ನಿಂತು ಇದ್ದದ್ದನ್ನು ಇದ್ದಹಾಗೆ ಹೇಳಿದಳು, ದಾರದ ಮಾತನ್ನೂ ಸೇರಿಸಿ. ‘ಅತ್ತಿ, ಆ ಬಾವಿಗಿ ಸೊಪ್ಪು ಕಟ್ಟಿದಾಕಿ ನೀವೇ ಅಲ್ರಿ.’

ಭಾಗಮ್ಮನ ಕಣ್ಣು ಮಗನ ಮೇಲಿತ್ತು. ಮಗ ನೆಲ ನೋಡುತ್ತಿದ್ದ.

‘ಹಕೀಮಗ ಸುಳ್ಳ ತೋರಿಸಿದಾಕಿ ನೀ,’ ಎಂದಳು ಸೊಸೆಗೆ. ‘ಇವತ್ತ ಖರೇ ಹೇಳಾಕತ್ತೀ ಅಂತ ಯಾರು ನಂಬ್ಬೇಕು? ನಿನ್ನ ಗಂಡ ಹೇಳ್ಲಿ.’

ಸುಮನಬಾಯಿ ಕಾದಳು. ದೇವಿದಾಸ ಚಪ್ಪಲಿ ಮೆಟ್ಟಿ ಭಟ್ಟಿಗೆ ಹೋದ. ಸ್ವಲ್ಪ ಹೊತ್ತಿಗೆ ಕಾಯ್ದ ಮರಳಿನಲ್ಲಿ ಅಕ್ಕಿ ಸಿಡಿಯುವ ಸದ್ದು ಬಂತು.

ಮರುದಿನ ಬೆಳಿಗ್ಗೆ ಅವಳು ಸೀರೆಯ ಗಂಟು ಕಟ್ಟಿದಳು. ಪಟ್ಟಿ ಹಿಡಿದುಕೊಂಡು ದ್ರೌಪತಿಯೂ ಹೊಸ್ತಿಲು ದಾಟಿದಳು. ‘ಮೂರನೇದಾಕಿ ಬರೂದ್ರಾಗ ನಾನೂ ಹೋಗ್ತೀನ್ರಿ ಅಕ್ಕಾ,’ ಎಂದಳು. ಭಾಗಮ್ಮ ತಡೆಯಲಿಲ್ಲ.

ಘಾಟಬೋರಾಳದಲ್ಲಿ ದ್ರೌಪತಿಯ ಮನೆಯ ಮುಂದೆ ನಾಲ್ಕು ವರ್ಷದ ಹುಡುಗಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ದ್ರೌಪತಿ ಕೈ ಚಾಚಿದಳು. ಹುಡುಗಿ ಎದ್ದು ಅಜ್ಜಿಯ ಸೆರಗಿನ ಹಿಂದೆ ಸರಿದಳು. ಬಂದವಳು ತಾಯಿ ಎಂದು ಅಜ್ಜಿ ಎಷ್ಟು ಸಲ ಹೇಳಿದರೂ ಹೊರಗೆ ಬರಲಿಲ್ಲ. ದ್ರೌಪತಿ ಅಲ್ಲೇ ಕಟ್ಟೆಯ ಮೇಲೆ ಕುಳಿತಳು.

ಸುಮನಬಾಯಿ ನೀರು ಕುಡಿದು ಗಂಟು ಎತ್ತಿಕೊಂಡಳು. ತಾನು ಬರುತ್ತಿರುವ ಸುದ್ದಿ ಕೊಹಿನೂರದ ಅಣ್ಣನಿಗೆ ಇನ್ನೂ ಗೊತ್ತಿರಲಿಲ್ಲ.