ಮೈಕಿಲ್ಲದ ಕಚೇರಿ

ಎಪ್ಪತ್ತರ ದಶಕದಲ್ಲಿ ತಮಿಳುನಾಡಿನ ಮೇಚೇರಿಯಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಸೇಲಂನ ಆರ್ಕೆಸ್ಟ್ರಾ ಒಂದರಲ್ಲಿ ರಾಕ್ ಹಾಡುತ್ತಿದ್ದರು. ಕಿವಿ ಮುಚ್ಚುವ ಕೂದಲು, ಬೆಲ್‌ಬಾಟಮ್ ಪ್ಯಾಂಟು. ಮಾತುಮಾತಿಗೂ ಬಾಚಣಿಗೆ ತೆಗೆದು, "ನಾ ಪ್ಲೇಟಲ್ಲಿ ಆಡಿರೋನು, ತೆರಿಯುಮಾ, ಗೊತ್ತಾ?" ಎನ್ನುತ್ತಿದ್ದರು. ನಮ್ಮೂರ ಕನ್ನಡದಲ್ಲಿ ಹಾಡು 'ಆಡು', ಹಿಟ್ಟು 'ಇಟ್ಟು'. ಅವರೊಬ್ಬರೇ ಹಾಡಿದ ಗ್ರಾಮಫೋನ್ ಪ್ಲೇಟು ನಿಜಕ್ಕೂ ಬಂದಿತ್ತು. ನಮ್ಮ ಬೀದಿಯಲ್ಲಿ ಗ್ರಾಮಫೋನೇ ಇಲ್ಲದ್ದರಿಂದ ಅದನ್ನು ಯಾರೂ ಕೇಳಿರಲಿಲ್ಲ.

ಪ್ಲೇಟಿಗೆ ಐದು ವರ್ಷ ತುಂಬಿದ ಭಾನುವಾರ, ಮೈಕು ಡ್ರಮ್ಮು ಏನೂ ಇಲ್ಲದೆ ಬರೀ ಗಿಟಾರ್ ಹಿಡಿದು ಜಗಲಿಯಲ್ಲೇ ಹಾಡುತ್ತೇನೆಂದು ಹತ್ತು ಜನರನ್ನು ಕರೆದರು. ಪ್ಲೇಟಿನ ಹಾಡಿನ ಮೊದಲ ಚರಣ ಹೇಗೋ ಮುಗಿಯಿತು. ಎರಡನೆಯದಕ್ಕೆ ಬಾಯಿ ತೆರೆದವರು ಹಾಗೇ ಕೂತುಬಿಟ್ಟರು. ಪದಗಳೇ ಮರೆತುಹೋಗಿದ್ದವು. ಆರ್ಕೆಸ್ಟ್ರಾದಲ್ಲಾದರೆ ಇಂಥ ಹೊತ್ತಿನಲ್ಲಿ ಡ್ರಮ್ಮಿನವನು ಜೋರಾಗಿ ಬಡಿದು ಮಾನ ಉಳಿಸುತ್ತಿದ್ದನಂತೆ.

ಒಳಗೆ ಹಿಟ್ಟು ರುಬ್ಬುತ್ತಿದ್ದ ಅವರ ಹೆಂಡತಿ, ಒರಳು ತಿರುವುತ್ತಲೇ ಎರಡನೇ ಚರಣ ಹಾಡತೊಡಗಿದರು. ಗಂಡನ ಅಭ್ಯಾಸ ದಿನವೂ ಕೇಳಿ ಅವರಿಗೆ ಎಲ್ಲ ಬಾಯಿಪಾಠವಾಗಿತ್ತು. ನಾವೆಲ್ಲ ಅಡುಗೆಮನೆಯ ಕಡೆ ತಿರುಗಿ ಕೂತೆವು.

ಹಾಡು ಮುಗಿದಾಗ ಎದುರುಮನೆಯ ಅಜ್ಜಿ, "ಓ, ಈ ಆಡು ಇಂಗೈತಾ! ನೀನು ಆಡ್ವಾಗ ಗೊತ್ತೇ ಆಗ್ಲಿಲ್ಲಪ್ಪ" ಎಂದರು.

ಗಾಯಕರ ಮುಖ ಕೆಂಪಾಯಿತು. ಎದ್ದರು. ಬೈಯುತ್ತಾರೆಂದೇ ನಾವು ಅಂದುಕೊಂಡೆವು. ಆದರೆ ಅವರು ಗಿಟಾರ್ ಸಮೇತ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, "ಇನ್ನೊಂದ್ಸಲ ಆಡು ಲೇ, ನಾ ಬಾರಿಸ್ತೀನಿ" ಎಂದರು.

"ಇರಿ ಮಾಮಾ, ಇಟ್ಟು ಆಗ್ಲಿ" ಎಂದರು ಹೆಂಡತಿ, ಗಂಡನಿಗೆ.

ಹತ್ತು ಜನರೂ ಕಾದೆವು.