ಟೆಂಟಿಗೆ ಬಂದ ನಾಯಕಿ

ಕಾಲುವೆ ನೀರು ಬಂದ ಹೊಸದರಾಗ ನಾನು ಸಿಂಧನೂರಿನ ಟೂರಿಂಗ್ ಟಾಕೀಸಿನಾಗ ಆಪರೇಟರ್ ಇದ್ದೆ. ಒಂದ್ಸಲ ಆಗ ನಡೆದಿದ್ದ ಸಿನಿಮಾದ ನಾಯಕಿನೇ ನಮ್ಮ ಟೆಂಟಿಗೆ ಬಂದಳು. ಕೇರಳದಾಕಿ, ಮಲಯಾಳಂನಾಗ ಹೆಸರು ಮಾಡಿ ಕನ್ನಡಕ್ಕ ಬಂದಿದ್ದಳು. ಮೈಕ್ ಹಿಡಿದು, ದಾರಿಯಾಗ ಬಾಯಿಪಾಠ ಮಾಡಿದ ಕನ್ನಡದಾಗ ಎಲ್ಲರಿಗೂ ನಮಸ್ಕಾರ ಹೇಳಿದಳು.

“ಈಕಿ ಆಕಿ ಅಲ್ಲಲೇ, ದನಿ ಬ್ಯಾರೆ ಐತಿ,” ಅಂತ ಮಸ್ಕಿಯಿಂದ ಬಂಡಿ ಕಟ್ಟಿಕೊಂಡು ಬಂದ ಮುದುಕನೊಬ್ಬ ಎದ್ದು ನಿಂತ. ಸಿನಿಮಾದಾಗ ಆಕಿಗೆ ಬ್ಯಾರೆ ಹೆಣ್ಮಗಳು ದನಿ ಕೊಟ್ಟಿದ್ದು ಜನಕ್ಕ ಹೆಂಗ ಗೊತ್ತಾಗಬೇಕು? ಗದ್ದಲ ಎದ್ದಿತು.

“ರೀಲು ಬಿಡಲೇ,” ಅಂದರು ಟಾಕೀಸಿನ ಮಾಲಕರು ನನಗ. ಬಿಟ್ಟೆ. ಆಕಿ ಪರದೆ ಪಕ್ಕ ನಿಂತು, ಸಿನಿಮಾದಾಗಿನ ಮಾತಿಗೆ ಬರೇ ತುಟಿ ಆಡಿಸಿದಳು.

“ಹಾಂ, ಈಗ ಖರೇ ಮಾತಾಡಿದಳು,” ಅಂತ ಮುದುಕ ಕುಂತ.

ಹೋಗುವಾಗ ಆಕಿ ತನಗ ಬಂದಷ್ಟು ಕನ್ನಡದಾಗ ನನಗಂದಳು, “ನನಗೆ ದನಿ ಕೊಟ್ಟವರ ದನಿ ಚೆಂದ. ನಾನು ಅವರನ್ನ ನೋಡೇ ಇಲ್ಲ.”

ಆಕಿ ಬಾಯಿ ಮುಚ್ಚಿಸಿದ ರೀಲು ಬಿಟ್ಟವ ನಾನೇ ಅಂತ ನಾಚಿಕೆಯಾಗಿ, ತಲಿ ಎತ್ತದಂಗ ಪ್ರೊಜೆಕ್ಟರ್ ಒರಸಾಕತ್ತಿದೆ. ಅದು ಮೊದಲೇ ಸ್ವಚ್ಛ ಇತ್ತು.