ಸೊಸೆ ಯಾಕೆ ಹಿಂದುಳಿದಳು

ಪಂಕ್ಚರ್ ಹಾಕುವ ನಮ್ಮ ಗೆಳೆಯನನ್ನು ಊರೆಲ್ಲ ‘ಗಾಳಿಯಣ್ಣ’ ಎನ್ನುತ್ತದೆ. ಟ್ಯೂಬಿಗೆ ಗಾಳಿ ತುಂಬಲೂ ಅವನೇ ಬೇಕು, ಮೆರವಣಿಗೆಗೆ ಉಸಿರು ತುಂಬಲೂ ಅವನೇ ಬೇಕಿತ್ತು. ಗೋಮಾಳ ಉಳಿಸುವ ಹೋರಾಟದಲ್ಲಿ ನಾವು ಕೂಗಿದ ಹಾಡೆಲ್ಲ ಅವನವು. ಧಾಟಿ ಮಾತ್ರ ಅವನ ಅವ್ವನದು. ಆ ಮನೆಯ ಹೆಂಗಸರು ನಾಲ್ಕು ತಲೆಮಾರಿನಿಂದ ಕಳೆ ಕೀಳುತ್ತಾ ಹಾಡಿದವರು. ಇವನು ಧಾಟಿ ಉಳಿಸಿಕೊಂಡು ಮಾತನ್ನು ಕಳೆಯ ಹಾಗೆ ಕಿತ್ತೆಸೆದ. ಸೊಸೆಯ ಗೋಳು ಯಾರಿಗೆ ಬೇಕು, ಇನ್ನು ಮೇಲೆ ಇದನ್ನೇ ಹಾಡು ಎಂದು ಅವ್ವನಿಗೇ ಬಾಯಿಪಾಠ ಮಾಡಿಸಿದ. ನಡುವೆ ಹಳೆಯದು ನುಸುಳಿದರೆ ಗದರುತ್ತಿದ್ದ. ನಾವು ಚಪ್ಪಾಳೆ ತಟ್ಟಿದೆವು. ಹದಿನೆಂಟು ವರ್ಷ ಅವಳು ಅದನ್ನೇ ಹಾಡಿದಳು, ಧರಣಿಯ ಪೆಂಡಾಲಿನಲ್ಲಿ, ಪೊಲೀಸ್ ವ್ಯಾನಿನಲ್ಲಿ.

ಗೋಮಾಳ ಹೋಯಿತು. ಈಗ ಅಲ್ಲಿ ಗೋದಾಮು ಎದ್ದಿದೆ. ಅದರ ಲಾರಿಗಳ ಚಕ್ರವನ್ನೇ ಇವನು ಬಿಚ್ಚುತ್ತಾ ಕೂರುತ್ತಾನೆ. ಹೊಟ್ಟೆ ಕೇಳಬೇಕಲ್ಲ.

ಕಳೆದ ವರ್ಷ ಅವನ ಚಿಕ್ಕಮ್ಮ ತೀರಿಕೊಂಡಾಗ ಅವನಿಗೆ ದಿಗಿಲು ಹತ್ತಿತು. ಹಾಡಿನ ಹಳೆಯ ಮಾತು ಬಲ್ಲವಳು ಇನ್ನು ಅವ್ವ ಒಬ್ಬಳೇ. ಅವಳೋ ಬೆಳಿಗ್ಗೆ ತಿಂದದ್ದನ್ನು ಮಧ್ಯಾಹ್ನಕ್ಕೆ ಮರೆಯುತ್ತಾಳೆ. ಕಂಪ್ರೆಸರ್ ನಿಲ್ಲಿಸಿ, ಹಾಡು ರೆಕಾರ್ಡ್ ಮಾಡಲು ಗ್ರೀಸ್ ಕೈಯಲ್ಲೇ ಮೊಬೈಲು ಹಿಡಿದು ದಿನವೂ ಅವಳೆದುರು ಕೂತ. ಏನೂ ಬರಲಿಲ್ಲ. ಕೈಗೆ ಕೆಲಸ ಬಿದ್ದರೆ ಬಾಯಿ ಬಿಟ್ಟಾಳೆಂದು ಅಂಗಡಿಯ ಹಿಂದಿನ ಈರುಳ್ಳಿ ಹೊಲಕ್ಕೆ ಕರೆದೊಯ್ದ. ನಾನೂ ಜೊತೆಗಿದ್ದೆ.

ಕುಕ್ಕರಗಾಲಲ್ಲಿ ಕೂತ ಮುದುಕಿಯ ಕೈ ತಾನಾಗಿ ಕಳೆಗೆ ಹೋಯಿತು. ನಾಲ್ಕು ಗಿಡ ಕಿತ್ತಳು. ದನಿ ಎದ್ದಿತು.

‘ಸಾಲಿನ ಹಿಂದೆ ಸಾಲು ಹೋಯ್ತು, ಸೊಸೆ ಯಾಕೆ ಹಿಂದುಳಿದಳು?’

ಇವನು ಮೊಬೈಲನ್ನು ಇನ್ನಷ್ಟು ಹತ್ತಿರ ಹಿಡಿದ. ಅವಳು ಕಳೆ ಹಿಡಿದ ಮುಷ್ಟಿಯನ್ನು ಮೇಲೆತ್ತಿದಳು.

‘ಎಕರೆ ಹಿಂದೆ ಎಕರೆ ಹೋಯ್ತು, ಸರ್ಕಾರ ಯಾಕೆ ಮಲಗಿತು?’

ಮೂರು ಸಲ ಶುರು ಮಾಡಿಸಿದ. ಮೂರು ಸಲವೂ ಮುಷ್ಟಿಯೇ ಎದ್ದಿತು. ಆಚೆ ಸಾಲಿನ ಹೆಂಗಸರು ಮುಸಿಮುಸಿ ನಕ್ಕರು.

‘ಅವ್ವಾ, ಸೊಸೆ ಯಾಕೆ ಹಿಂದುಳಿದಳು, ಅದನ್ನ ಹೇಳೇ.’

‘ನೀನೇ ಬೇಡ ಅಂದ್ಯಲ್ಲೋ, ಬಿಟ್ಬಿಟ್ಟೆ. ಹೋಗ್ಲಿ ಬಿಡು, ಗೋಮಾಳ ಸಿಕ್ತಲ್ಲ.’

ಬದುವಿನಾಚೆ ಗೋದಾಮಿನ ಗೋಡೆ ಎದ್ದು ಕಾಣುತ್ತಿತ್ತು. ಅವಳಿಗೆ ಅಷ್ಟು ದೂರದ್ದು ಕಾಣದು. ಇವನು ಮೊಬೈಲು ಆರಿಸಿ, ಹ್ಞೂಂ ಅಂದ. ಅವಳನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ ಅಂಗಡಿಯ ಮುಂದೆ ಲಾರಿಯವನೊಬ್ಬ ಹಾರ್ನ್ ಒತ್ತುತ್ತಿದ್ದ.